ಬಾಗಿಲಿಗೊಂದು ಗುರುತು ಕಟ್ಟುವ ಫಕೀರಬಿ

ಊರ ಕಡೆಯಿಂದ ಬೆಳಗಿನ ನಮಾಜಿನ ಕರೆ ಕೇಳಿ ಮುಗಿಯುವಷ್ಟರಲ್ಲಿ ಫಕೀರಬಿ ಬಕೆಟ್ಟಿನ ನೀರಿಗೆ ಫಿನೈಲು ಸುರಿದಾಗಿರುತ್ತದೆ. ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಹೋಗುವ ರಸ್ತೆಯ ಬದಿಗಿರುವ ಈ ವೃದ್ಧಾಶ್ರಮದಲ್ಲಿ ಅವರು ಆಯಾ. ಉದ್ದನೆಯ ಪಡಸಾಲೆ, ಎರಡೂ ಬದಿಗೆ ಕೋಣೆಗಳು, ಎಲ್ಲ ಕೋಣೆಗೂ ಒಂದೇ ಅಳತೆಯ, ಒಂದೇ ಹಸಿರು ಬಣ್ಣದ ಬಾಗಿಲು. ಫಕೀರಬಿ ನೆಲ ಒರೆಸುತ್ತ ಹಿಂದಕ್ಕೆ ಸರಿಯುತ್ತಾರೆ. ಪ್ರತಿ ಬಾಗಿಲಿನ ಮುಂದೆ ನಿಂತು, ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಅಲ್ಲಿ ತೂಗುತ್ತಿರುವುದನ್ನು ಒಮ್ಮೆ ಎಳೆದು ನೋಡುತ್ತಾರೆ. ದಾರ ಸಡಿಲಾಗಿದ್ದರೆ ಅಲ್ಲೇ ಬಿಗಿಯುತ್ತಾರೆ.

ಒಂದು ಬಾಗಿಲಿಗೆ ರಟ್ಟಿನಲ್ಲಿ ಕತ್ತರಿಸಿದ ಕೆಂಪು ಬಸ್ಸು ತೂಗುತ್ತಿದೆ, ಅದರ ನೆತ್ತಿಯ ಮೇಲೆ ‘ಗದಗ–ಮುಂಡರಗಿ’ ಎಂಬ ಸೊಟ್ಟ ಅಕ್ಷರಗಳ ಬೋರ್ಡು. ಅದು ಕಂಡಕ್ಟರಾಗಿ ನಿವೃತ್ತರಾದ ಹೇಮಪ್ಪನವರ ಕೋಣೆ. ಸಿಂಗಟಾಲೂರಿನ ಹೊಳೆದಂಡೆಯ ಕರೆವ್ವನ ಬಾಗಿಲಿಗೆ ಹಾಲಿನ ಪಾಕೀಟಿನಿಂದ ಮಾಡಿದ ಮೀನಿನ ಗೊಂಚಲು. ಬಟ್ಟೆ ಅಂಗಡಿ ನಡೆಸಿ ಬಾಳಿದ ವಿರೂಪಾಕ್ಷಪ್ಪನವರ ಬಾಗಿಲಿಗೆ ಗಜಕೋಲಿನ ತುಂಡು, ಅದರ ಉದ್ದಕ್ಕೂ ಹೊಲಿದ ಬಟ್ಟೆಯ ಚೂರುಗಳು. ಕೊನೆಯ ಬಾಗಿಲಿಗೆ ಕೈಮಗ್ಗದ ಹಳೆಯ ಲಾಳಿ, ಕೆಳಗೆ ಬಣ್ಣದ ನೂಲಿನ ಗೊಂಡೆ. ಬೆಟಗೇರಿಯಲ್ಲಿ ಸೀರೆ ನೇಯ್ದು ಕಣ್ಣು ಕಳೆದುಕೊಂಡ ನೀಲಗಂಗವ್ವ ಇರುವುದು ಅಲ್ಲಿ. ಇವನ್ನೆಲ್ಲ ಮಾಡಿದವರು ಪಕ್ಕದ ಶಾಲೆಯ ಮಕ್ಕಳು, ಮಾಡಿಸಿದವರು ಫಕೀರಬಿ.

ನೋಡಲು ಬಂದವರು ಚೆಂದ ಇದೆ ಎನ್ನುತ್ತಾರೆ, ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾರೆ. ಆ ಮಾತು ಕೇಳಿದರೆ ಫಕೀರಬಿಯ ಮುಖ ಗಂಟಿಕ್ಕುತ್ತದೆ. “ಚಂದ ಕಾಣ್ಲಿ ಅಂತ ಕಟ್ಟಿದ್ದಲ್ರಿ ಇದು,” ಎನ್ನುತ್ತಾರೆ ಬಕೆಟ್ಟು ಮುಂದೆ ನೂಕುತ್ತ. “ಸಿಟ್ಟು ಬಂದು ಕಟ್ಟಿದ್ದು.”

ಆ ಸಿಟ್ಟಿನ ಕಥೆ ಹೇಳಲೇಬೇಕು. ಧಾರವಾಡದಿಂದ ಬಿಡಿಸಿಕೊಂಡು ಗದಗ ಹೊಸ ಜಿಲ್ಲೆಯಾದ ಹೊಸದರಲ್ಲಿ ಈ ಕಟ್ಟಡ ಎದ್ದಿತು. ಹೊಸ ಜಿಲ್ಲೆ, ಇನ್ನು ಎಲ್ಲವೂ ಹೊಸದು ಎಂದು ಉದ್ಘಾಟನೆಯ ಭಾಷಣದಲ್ಲಿ ಹೇಳಿದವರು ಆಮೇಲೆ ಇತ್ತ ತಲೆ ಹಾಕಲಿಲ್ಲ. ತಲೆ ಹಾಕುವವರು ಹುಟ್ಟುಹಬ್ಬದ ದಿನ ಬಾಳೆಹಣ್ಣಿನ ಬುಟ್ಟಿ ಹಿಡಿದು ಬರುತ್ತಾರೆ. ಹಲ್ಲಿಲ್ಲದ ಮುದುಕರನ್ನು ಬಿಸಿಲಿಗೆ ಸಾಲಾಗಿ ಕೂರಿಸಿ, ಹಣ್ಣು ಕೈಗಿಟ್ಟು, ಕ್ಯಾಮೆರಾದತ್ತ ನೋಡಿ ಎನ್ನುತ್ತಾರೆ. ಹಣ್ಣು ಕೊಟ್ಟವರಲ್ಲಿ ಒಬ್ಬರೂ ಎದುರಿಗಿದ್ದವರ ಹೆಸರು ಕೇಳಿದ್ದನ್ನು ಫಕೀರಬಿ ಕಂಡಿಲ್ಲ.

ಅವರ ತವರು ಅಂತೂರ ಬೆಂತೂರ. ಗಂಡ ಬುಡ್ಡೇಸಾಬರು ಬಿಲ್ಲಿನಿಂದ ಹತ್ತಿ ಹಿಂಜಿ ಗಾದಿ ಹೊಲಿಯುವವರು. ಊರಿಗೆ ಫೋಮಿನ ಗಾದಿಯ ಅಂಗಡಿಗಳು ಬಂದ ಮೇಲೆ ಅವರ ಬಿಲ್ಲು ಗೋಡೆಗೆ ಒರಗಿತು, ಫಕೀರಬಿ ಆಯಾ ಕೆಲಸಕ್ಕೆ ಬಂದರು. ಎತ್ತುವುದು, ಕೂರಿಸುವುದು, ತೊಳೆಯುವುದು, ಒಗೆಯುವುದು, ಉಣಿಸುವುದು, ಬೈಸಿಕೊಳ್ಳುವುದು. ಸೊಂಟ ಹಿಡಿದ ದಿನವೂ ರಜೆ ಇಲ್ಲ, ಬದಲಿ ಆಳಿಲ್ಲ. ಇಷ್ಟಕ್ಕೆ ಅವರು ತಕರಾರು ಮಾಡುವುದಿಲ್ಲ. ಅವರ ತಕರಾರಿರುವುದು ಬಾಗಿಲ ಮೇಲೆ.

ಒಂದು ಮಧ್ಯಾಹ್ನ ಬಚ್ಚಲಿನಿಂದ ಬಂದ ನೀಲಗಂಗವ್ವ ಗೋಡೆ ಸವರುತ್ತ ಸವರುತ್ತ ತಪ್ಪು ಬಾಗಿಲು ನೂಕಿದರು. ಒಳಗೆ ಹೋಗಿ ಮಂಚ ಸಿಕ್ಕಿದ್ದೇ ಮಲಗಿಬಿಟ್ಟರು. ಅದು ವಿರೂಪಾಕ್ಷಪ್ಪನವರ ಮಂಚ. ಪೇಪರು ಓದಿ ಮುಗಿಸಿ ಬಂದ ಅವರು ಪಡಸಾಲೆ ಹಾರಿಹೋಗುವ ಹಾಗೆ ಕೂಗಾಡಿದರು. ಈ ವಯಸ್ಸಿನಲ್ಲೂ ಲಜ್ಜೆ ಇಲ್ಲವೇ ಎಂದರು. ನೀಲಗಂಗವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ತಮ್ಮ ಕೋಣೆ ಸೇರಿದವರು ಊಟ ಬಿಟ್ಟರು, ಮಾತು ಬಿಟ್ಟರು, ಹೊರಗೆ ಬರುವುದನ್ನೂ ಬಿಟ್ಟರು. ಬಚ್ಚಲಿಗೆ ಹೋಗುವುದಕ್ಕೂ ಹೆದರಿ ಹಾಸಿಗೆಯಲ್ಲೇ ಒದ್ದೆಯಾಗತೊಡಗಿದರು.

ಇದಕ್ಕೆ ಆಶ್ರಮದ ಅಧ್ಯಕ್ಷರು ಹುಡುಕಿದ ಪರಿಹಾರ ಒಂದು ಚಿಲಕ. ಬಾಗಿಲ ಹೊರಗಡೆಗೆ. ಅದಕ್ಕೆ ಅವರು ಇಟ್ಟ ಹೆಸರು ಸುರಕ್ಷತೆ. ದಾರಿ ತಪ್ಪುವ ಮುದುಕಿಗೆ ದಾರಿ ತೋರಿಸುವ ಬದಲು ಹೊರಗಿನಿಂದ ಚಿಲಕ ಜಡಿಯುವುದು ಸುರಕ್ಷತೆಯಾದರೆ, ಜೈಲಿನಲ್ಲಿರುವವರಷ್ಟು ಸುರಕ್ಷಿತರು ಯಾರೂ ಇಲ್ಲ.

“ಎಮ್ಮಿ ಕಟ್ಟಾಕ ಗೂಟ ಬಡದಂಗ ಬಡದ್ರು ಆ ಚಿಲಕಾ,” ಎನ್ನುತ್ತಾರೆ ಫಕೀರಬಿ. “ಒಳಗಿಂದ ಆಕಿ ಬಾಗಲಾ ತಟ್ಟಾಕತ್ತಿದ್ಲು. ಜೋರಾಗಿ ಅಲ್ರಿ, ಮೆಲ್ಲಕ. ಮಂದಿಗೆ ತ್ರಾಸ ಆಗಬಾರದು ಅಂತ ಮೆಲ್ಲಕ. ಆ ಸಪ್ಪಳಾ ಕೇಳಿ ನನ್ನ ಮೈ ಉರದು ಹೋತು.”

ಫಕೀರಬಿಯ ಅತ್ತೆ ಅಮೀನಬಿಗೂ ಮುಪ್ಪಿನಲ್ಲಿ ಕಣ್ಣು ಹೋಗಿತ್ತು. ಮನೆಯಲ್ಲಿ ಆಕೆಗೆ ಯಾರೂ ಚಿಲಕ ಹಾಕಿರಲಿಲ್ಲ. ಹಿಡಿದು ನಡೆಯಲಿ ಎಂದು ಮಂಚದಿಂದ ಬಚ್ಚಲಿನ ತನಕ ಸೀರೆಯ ಹಗ್ಗ ಕಟ್ಟಿದ್ದರು, ಅಷ್ಟೇ. ಅದು ನೆನಪಾಗಿ ಫಕೀರಬಿ ಮರುದಿನ ಮನೆಯಿಂದ ಚೂರು ಬಟ್ಟೆ ಹೊಲಿದ ಹಳೆಯ ಕೌದಿಯ ತುಂಡೊಂದನ್ನು ತಂದು ನೀಲಗಂಗವ್ವನ ಬಾಗಿಲಿಗೆ, ಕೈಗೆ ಎಟುಕುವ ಎತ್ತರದಲ್ಲಿ ಕಟ್ಟಿದರು. ಚಿಲಕ ಸರಿಸಿ, ಅವರ ಕೈ ಹಿಡಿದು ಅದರ ಮೇಲಿಟ್ಟು, “ಯವ್ವಾ, ಇದು ನಿನ್ನ ಬಾಗಲಾ,” ಎಂದರು. ನೀಲಗಂಗವ್ವ ಅದನ್ನು ಬೆರಳಿನಿಂದ ತೀಡಿ ತೀಡಿ ನೋಡಿದರು. ಎಷ್ಟೋ ದಿನದ ಮೇಲೆ ಬಾಯಿ ಬಿಟ್ಟು ಆಡಿದ ಮಾತು, “ನೂಲು ಚಲೋ ಐತಿ.”

ಅಂದಿನಿಂದ ಅವರು ತಪ್ಪಲಿಲ್ಲ. ಅಷ್ಟರಲ್ಲಿ ಕರೆವ್ವ ತಮಗೂ ಒಂದು ಬೇಕೆಂದರು. ಹೇಮಪ್ಪನವರು ಬಾಯಿ ಬಿಟ್ಟು ಕೇಳದಿದ್ದರೂ ದಿನಾ ಬಂದು ಕೌದಿಯ ತುಂಡನ್ನು ಮುಟ್ಟಿ ಹೋಗುತ್ತಿದ್ದರು. ಕಣ್ಣಿದ್ದವರಿಗೂ ತಮ್ಮದೆಂಬ ಒಂದು ಬಾಗಿಲು ಬೇಕಿತ್ತು ಎಂಬುದು ಫಕೀರಬಿಗೆ ಆಗ ಹೊಳೆಯಿತು. ಆದರೆ ಎಲ್ಲ ಬಾಗಿಲಿಗೂ ಕಟ್ಟಲು ಒಬ್ಬ ಆಯಾಳ ಕೈಗೆ ಬಿಡುವೆಲ್ಲಿ?

ಬಿಡುವಿದ್ದ ಕೈಗಳು ಗೋಡೆಯಾಚೆ ಇದ್ದವು. ಶಾಲೆಯ ಮಕ್ಕಳ ಚೆಂಡು ದಿನಕ್ಕೊಮ್ಮೆಯಾದರೂ ಆಶ್ರಮದ ಅಂಗಳಕ್ಕೆ ಬೀಳುತ್ತಿತ್ತು, ಅದರ ಹಿಂದೆಯೇ ಮಕ್ಕಳು ಗೋಡೆ ಹಾರುತ್ತಿದ್ದರು. ಒಂದು ದಿನ ಫಕೀರಬಿ ಚೆಂಡನ್ನು ಸೆರಗಿನಲ್ಲಿ ಕಟ್ಟಿಕೊಂಡು ನಿಂತರು. “ಚೆಂಡು ಬೇಕಂದ್ರ ಒಂದು ಬಾಗಲಕ್ಕ ಏನರೆ ಮಾಡಿ ಕಟ್ಟ್ರಿ. ಇಲ್ಲಂದ್ರ ಚೆಂಡು ನಂದು.” ಮಕ್ಕಳು ಒಪ್ಪಿದರು. ಮರುದಿನ ಮಿಂಚುವ ಕಾಗದದ ಗುಲಾಬಿ, ಅಂಗಡಿಯ ಶುಭಾಶಯ ಪತ್ರದಲ್ಲಿರುವಂಥ ಹೃದಯ, ನಗುವ ಸೂರ್ಯ ಇವನ್ನೆಲ್ಲ ಮಾಡಿಕೊಂಡು ಬಂದರು. ಫಕೀರಬಿ ಒಂದೊಂದನ್ನೂ ತಿರುಗಿಸಿ ನೋಡಿ ವಾಪಸು ಕೊಟ್ಟರು.

“ಇದು ಯಾರ ಬಾಗಲಾ ಅಂತ ಕೇಳಿದೆ. ಯಾರದರೆ ಆಗ್ಲಿ ಅಂದ್ವು. ಯಾರದರೆ ಆಗೂದಂದ್ರ ಯಾರದೂ ಅಲ್ಲ ಅಂದೆ,” ಎಂದು ನೆನೆಯುತ್ತಾರೆ. “ಮೊದಲ ಹೋಗಿ ಅವರ ಕೂಡ ಕುಂಡರ್ರಿ. ಏನ್ ಮಾಡ್ತಿದ್ರಿ ಅಜ್ಜಾ, ಏನ್ ಮಾಡ್ತಿದ್ದಿ ಅಮ್ಮಾ ಅಂತ ಕೇಳ್ರಿ. ಅವರು ಹೇಳಿದ್ದನ್ನ ಮಾಡ್ರಿ ಅಂದೆ.”

ಹೀಗೆ ಕೆಲಸಕ್ಕೊಂದು ಪದ್ಧತಿ ಬಿತ್ತು. ಗುರುತಿನ ಹಿಂಬದಿಗೆ ಬಿಸ್ಕೀಟಿನ ಪೆಟ್ಟಿಗೆಯ ರಟ್ಟು, ಅಂಟಿಗೆ ಮೈದಾ ಹಿಟ್ಟಿನ ಗಂಜಿ. ಬಣ್ಣಕ್ಕೆ ಹಳೆಯ ಲಗ್ನಪತ್ರಿಕೆ. ಅವು ಯಾವ ಮನೆಯಲ್ಲಿ ಇಲ್ಲ? ಬಟ್ಟೆಯ ಚೂರು, ದಬ್ಬಣ, ದಾರ ಬುಡ್ಡೇಸಾಬರ ಕಡೆಯಿಂದ. ಗುಂಡುಸೂಜಿ ಕೂಡದು, ಗಾಜು ಕೂಡದು, ಮುಖಕ್ಕೆ ತಾಗುವಂಥದ್ದು ಕೂಡದು. ಕಣ್ಣು ಮುಚ್ಚಿಕೊಂಡು ಮುಟ್ಟಿದರೆ ಯಾರದೆಂದು ತಿಳಿಯಬೇಕು. ತಿಳಿಯದಿದ್ದರೆ ಬಿಚ್ಚಿ ಮತ್ತೆ ಮಾಡಬೇಕು. ಚೆಂಡು ಅಲ್ಲಿಯ ತನಕ ಒತ್ತೆ.

ನೀಲಗಂಗವ್ವನ ಪಾಲಿಗೆ ಬಂದ ಹುಡುಗಿ ನೂರೀನ. ಆಕೆ ಏನು ಕೇಳಿದರೂ ಮುದುಕಿಯ ಕೈ ಮಾತ್ರ ಅತ್ತಿಂದಿತ್ತ ಇತ್ತಿಂದತ್ತ ಎಸೆಯುವಂತೆ ಆಡುತ್ತಿತ್ತು. ಏನೋ ಓಡಾಡುತ್ತಿದೆ ಎಂದಷ್ಟೇ ಹುಡುಗಿಗೆ ತಿಳಿಯಿತು. ಅದು ಮಗ್ಗದಲ್ಲಿ ನೂಲು ಒಯ್ಯುವ ಲಾಳಿಯ ಓಡಾಟವೆಂದು ಊಹಿಸಿದ ಬುಡ್ಡೇಸಾಬರು ಬೆಟಗೇರಿಗೆ ಹೋದಾಗ ಮುರಿದ ಮಗ್ಗದ ರಾಶಿಯಿಂದ ಲಾಳಿಯೊಂದನ್ನು ತಂದುಕೊಟ್ಟರು. ನೂರೀನ ಅದಕ್ಕೆ ಗೊಂಡೆ ಕಟ್ಟಿ ಕೈಗಿಟ್ಟಾಗ ನೀಲಗಂಗವ್ವ ಅದನ್ನು ಕೆನ್ನೆಗೆ ಒತ್ತಿಕೊಂಡರು. ಆಮೇಲೆ ಗೊಂಡೆಯ ಗಂಟು ಸರಿ ಇಲ್ಲವೆಂದು ಬೈದರು. ಬೈಗುಳ ಕೇಳಿ ಫಕೀರಬಿಗೆ ಸಮಾಧಾನವಾಯಿತು.

ವಿರೂಪಾಕ್ಷಪ್ಪನವರು ಮಾತ್ರ, “ನನ್ನ ಬಾಗಲಕ್ಕ ಚಿಂದಿ ಪಂದಿ ಬ್ಯಾಡ,” ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಮಕ್ಕಳಲ್ಲೊಬ್ಬರು ಅಂಗಿಗೆ ಎಷ್ಟು ಬಟ್ಟೆ ಬೇಕು ಎಂದು ಕೇಳಿದ್ದೇ ತಡ, ಅವರು ಸಂಜೆಯ ತನಕ ಮಾತು ನಿಲ್ಲಿಸಲಿಲ್ಲ. ಕೊನೆಗೆ ಗಜಕೋಲು ತಾವೇ ಕೇಳಿ ಕಟ್ಟಿಸಿಕೊಂಡರು. ಆಮೇಲೊಂದು ದಿನ ನೀಲಗಂಗವ್ವ ಪಡಸಾಲೆಯಲ್ಲಿ ತಡಕಾಡುತ್ತಿದ್ದಾಗ, “ಇನ್ನೂ ಮುಂದ ಐತ್ರಿ ನಿಮ್ಮ ಬಾಗಲಾ,” ಎಂದರಂತೆ, ಪೇಪರಿನಿಂದ ತಲೆ ಎತ್ತದೆ. ಅದು ಕ್ಷಮೆಯಲ್ಲ. ಆದರೆ ಆ ಬಾಯಿಯಿಂದ ಅಷ್ಟು ಬಂದದ್ದೇ ದೊಡ್ಡದು ಎನ್ನುತ್ತಾರೆ ಫಕೀರಬಿ.

ಮುಂದಿನದು ತಿಳಿಯಬೇಕಾದರೆ ಒಂದು ರೂಢಿ ತಿಳಿದಿರಬೇಕು. ಈ ಕಡೆ ಸಾವಾದ ಮನೆಯ ಬಾಗಿಲಿಗೆ ತೋರಣ ಬಿಡುವುದಿಲ್ಲ, ಇಳಿಸುತ್ತಾರೆ. ಬೆಳ್ಳಟ್ಟಿಯ ಅಂದಪ್ಪನವರು ಆಶ್ರಮದಲ್ಲಿ ತೀರಿಕೊಂಡಾಗ ಫಕೀರಬಿಯೇ ಅವರ ಬಾಗಿಲಿನ ಬಟ್ಟೆಯ ಎತ್ತುಗಳನ್ನು ಬಿಚ್ಚಿ ಅವರ ಎದೆಯ ಮೇಲಿಟ್ಟರು. ಎತ್ತುಗಳು ಅವರೊಂದಿಗೇ ಹೋದವು. ಅಲ್ಲಿಂದೀಚೆಗೆ ಆಶ್ರಮದಲ್ಲಿ ಯಾರಿಗೂ ಸುದ್ದಿ ಹೇಳುವ ಅಗತ್ಯ ಬೀಳಲಿಲ್ಲ. ಬಾಗಿಲು ಬೋಳಾಗಿದೆ ಎಂದರೆ ಒಳಗಿನವರು ಹೋದರು ಎಂದೇ ಅರ್ಥ.

ಕಳೆದ ಬೇಸಿಗೆಯಲ್ಲಿ ಆಶ್ರಮಕ್ಕೊಬ್ಬ ದಾನಿ ಸಿಕ್ಕರು. ಅವರು ಬರುವ ಹಿಂದಿನ ದಿನ ಫಕೀರಬಿ ಬೆಟಗೇರಿಗೆ, ತಂಗಿಯ ಮಗಳು ಯಾಸ್ಮೀನಳ ನಿಶ್ಚಯಕ್ಕೆಂದು ಹೋಗಿದ್ದರು. ವರ್ಷಗಳ ಮೇಲೆ ಸಿಕ್ಕ ಒಂದು ರಜೆ. ಅತ್ತ ಅವರು ಹೋಗಿದ್ದೇ ಇತ್ತ ಅಧ್ಯಕ್ಷರು ಆಳುಗಳನ್ನು ಕರೆಸಿದರು. ಚಿಂದಿ ನೇತುಹಾಕಿದ ಬಾಗಿಲು ದಾನಿಗಳ ಕಣ್ಣಿಗೆ ಬಿದ್ದರೆ ಮರ್ಯಾದೆಯ ಪ್ರಶ್ನೆಯಂತೆ. ಮುಸ್ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದಾಗ ಬಸ್ಸು, ಮೀನು, ಲಾಳಿ, ಗಜಕೋಲು ಎಲ್ಲವನ್ನೂ ಕಿತ್ತು ಗೋಣಿಚೀಲಕ್ಕೆ ತುಂಬಿ ಹಿತ್ತಲಿನ ತಿಪ್ಪೆಗೆ ಎಸೆದರು. ಮಬ್ಬಿನಲ್ಲಿ ಉಂಡು ಬಂದವರನ್ನು ಆಳುಗಳೇ ಕೈ ಹಿಡಿದು ಕೋಣೆಗೆ ಸೇರಿಸಿದರು, ಯಾರಿಗೂ ಏನೂ ಕಾಣಲಿಲ್ಲ. ಬೆಳಗಾಗುವ ಮುಂಚೆಯೇ ಬಾಗಿಲುಗಳಿಗೆ ಹೊಸ ಹಸಿರು ಬಣ್ಣ ಬಳಿದು, ಪ್ರತಿಯೊಂದರ ನೆತ್ತಿಗೆ ದಾನಿಯ ತಂದೆತಾಯಿಯ ಹೆಸರಿನ ಹೊಳೆಯುವ ಫಲಕ ಜಡಿದರು.

ಎದ್ದು ಬಂದವರು ನೋಡಿದ್ದು ಸಾಲಿಗೆ ಸಾಲು ಬೋಳು ಬಾಗಿಲು. ಯಾರು ಹೋದರು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಹೇಮಪ್ಪನವರು ತಮ್ಮ ಬಾಗಿಲ ಮುಂದೆ ನಿಂತು, “ನಾ ಸತ್ತೀನೇನಲೇ?” ಎಂದು ಅಡುಗೆಯವನನ್ನು ಕೇಳಿದರು. ಅದು ತಮಾಷೆಯ ಮಾತಾಗಿರಲಿಲ್ಲ. ಗೋಡೆ ಸವರಿಕೊಂಡು ಬಂದ ನೀಲಗಂಗವ್ವನ ಅಂಗೈಗೆ ಹಸಿ ಬಣ್ಣ ಮೆತ್ತಿಕೊಂಡಿತು. ಲಾಳಿ ಸಿಗಲಿಲ್ಲ. ಇದು ನಮ್ಮ ಜಾಗವಲ್ಲ, ಎಲ್ಲಿಗೋ ತಂದು ಬಿಟ್ಟಿದ್ದಾರೆ ಎಂದುಕೊಂಡು ಅವರು ಅಂಗಳಕ್ಕಿಳಿದು ಮಣ್ಣಿನಲ್ಲಿ ಕೂತುಬಿಟ್ಟರು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸಬಾರದೆಂದು ಕರೆವ್ವ ಅಡುಗೆಯವನನ್ನು ತಡೆದರು. ಎಲ್ಲರೂ ಅಂಗಳದಲ್ಲಿ ಕೂತರು. ಯಾರಿಗಾಗಿ ಎಂದು ತಿಳಿಯದೆಯೇ ಕರೆವ್ವ ಹಾಡಿ ಅಳತೊಡಗಿದರು. ಉಳಿದವರು ದನಿಗೂಡಿಸಿದರು.

ದಾನಿಯ ಕಾರು ಗೇಟಿನೊಳಗೆ ಬಂದದ್ದು ಅದೇ ಹೊತ್ತಿಗೆ. ಅಧ್ಯಕ್ಷರು ಹೂಮಾಲೆ ಹಿಡಿದುಕೊಂಡೇ ಇವರತ್ತ ಓಡಿ ಬಂದು, ಅಳು ನಿಲ್ಲಿಸಿ, ನಗಿ ಎಂದರು. ತಮ್ಮ ಸಾವಿನ ಸೂತಕಕ್ಕೆ ತಾವೇ ಕೂತ ಮುದುಕರಿಗೆ, ಅತಿಥಿ ಬಂದರು ನಗಿ ಎನ್ನಲು ಎಂಥ ನಾಲಗೆ ಬೇಕು.

ಬೆಳಗಿನ ಮೊದಲ ಬಸ್ಸಿಗೆ ಹೊರಟಿದ್ದ ಫಕೀರಬಿ ಇಳಿದು ಬಂದಾಗ ಕಂಡದ್ದು ಇದು. ಅವರು ನೇರ ಹೋಗಿ ನೀಲಗಂಗವ್ವನ ಬಳಿ ಕೂತು, ಹಸಿರಾದ ಅಂಗೈಯನ್ನು ತಾವು ನಿಶ್ಚಯಕ್ಕೆಂದು ಉಟ್ಟಿದ್ದ ಹೊಸ ಸೀರೆಯ ಸೆರಗಿನಿಂದ ಒರೆಸಿದರು. ಯಾರೂ ಸತ್ತಿಲ್ಲ ಯವ್ವಾ ಎಂದರು. ಆಮೇಲೆ ಎದ್ದು ದಾನಿಯ ಮುಂದೆ ಹೋಗಿ ನಿಂತರು.

“ನಿಮ್ಮ ತಂದಿ ತಾಯಿ ಹೆಸರು ಬಾಗಲಕ್ಕ ಹಾಕ್ರಿ ಸಾಹೇಬ್ರ, ಬ್ಯಾಡ ಅನ್ನಂಗಿಲ್ಲ. ಆದ್ರ ಒಳಗ ಮಲಗಾಕಿ ಹೆಸರು ಎಲ್ಲೈತಿ ತೋರಸ್ರಿ. ಆಕಿ ತನ್ನ ಬಾಗಲಾ ಯಾವುದಂತ ತಿಳಕೊಳ್ಳಾಕ ನಿಮ್ಮ ತಂದಿ ಹೆಸರು ಓದಬೇಕೇನು? ಕಣ್ಣಿಲ್ಲದಾಕಿ?”

ದಾನಿ ಫೋಟೋ ತೆಗೆಸಿಕೊಳ್ಳದೆ ಹೊರಟುಹೋದರು. ತಿಪ್ಪೆಯ ಗೋಣಿಚೀಲವನ್ನು ಅಷ್ಟರಲ್ಲಿ ಶಾಲೆಗೆ ಬರುತ್ತಿದ್ದ ಮಕ್ಕಳೇ ಪತ್ತೆ ಮಾಡಿದ್ದರು. ರಟ್ಟಿನ ಬಸ್ಸು ಮಡಚಿ ಹೋಗಿತ್ತು, ಮೀನುಗಳಿಗೆ ಸಾರು ಮೆತ್ತಿತ್ತು. ತೊಳೆದು, ಒಣಗಿಸಿ, ಹರಿದದ್ದನ್ನು ಹೊಲಿದು, ಸಂಜೆಯೊಳಗೆ ಎಲ್ಲವನ್ನೂ ಫಲಕಗಳ ಕೆಳಗೆ ಮತ್ತೆ ಕಟ್ಟಿದರು. ಗಜಕೋಲು ಬರುವ ತನಕ ಉಣ್ಣುವುದಿಲ್ಲವೆಂದು ಹಟ ಹಿಡಿದು ಕೂತಿದ್ದ ವಿರೂಪಾಕ್ಷಪ್ಪನವರು, ಮೊದಲು ಲಾಳಿ ಕಟ್ಟಿರಿ, ನಂದು ಆಮೇಲೆ ಎಂದರು.

ಅಲ್ಲಿಗೆ ಮುಗಿಯಿತು ಎಂದುಕೊಳ್ಳುವವರಿಗೆ ಅಧ್ಯಕ್ಷರ ಪರಿಚಯವಿಲ್ಲ. ಆಶ್ರಮದ ಮಾನ ಹೋಯಿತೆಂದು ಅವರು ಮರುದಿನವೇ ಎರಡು ಅಪ್ಪಣೆ ಹೊರಡಿಸಿದರು. ಶಾಲೆಯ ಮಕ್ಕಳು ಒಳಗೆ ಬರಕೂಡದು. ದಾರಿ ತಪ್ಪುವವರ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಲೇಬೇಕು. ಹಾಕದಿದ್ದರೆ ಆಯಾ ಬೇರೆ ಕೆಲಸ ನೋಡಿಕೊಳ್ಳಬಹುದು. ಕೆಲಸ ಹೋದರೆ ಮನೆಯಲ್ಲಿ ಒಲೆ ಉರಿಯುವುದು ಕಷ್ಟ ಎಂಬುದು ಫಕೀರಬಿಗೂ ಗೊತ್ತು, ಅಧ್ಯಕ್ಷರಿಗೂ ಗೊತ್ತು.

ಫಕೀರಬಿ ಅಂದು ಅಡುಗೆಮನೆಯ ಚಾಕು ತಂದು, ನೀಲಗಂಗವ್ವನ ಬಾಗಿಲಿನ ಚಿಲಕದ ತಿರುಪುಗಳನ್ನು ಒಂದೊಂದಾಗಿ ಬಿಚ್ಚಿದರು. ಚಿಲಕ ಈಗಲೂ ಅವರ ಬುತ್ತಿಯ ಚೀಲದಲ್ಲಿದೆ, ಅರಿವೆಯಲ್ಲಿ ಸುತ್ತಿಟ್ಟಿದ್ದಾರೆ. ಎಲ್ಲಿ ಹೋಯಿತು ಎಂದು ಕೇಳಿದ ಅಧ್ಯಕ್ಷರಿಗೆ ಅವರು ಸುಳ್ಳು ಹೇಳಲಿಲ್ಲ.

“ನನ್ನ ಕಡೆ ಐತಿ, ಕೊಡಂಗಿಲ್ಲ ಅಂದೆ. ತಗೀರಿ ನನ್ನ, ಆದ್ರ ನಾ ಇರೂತನಕ ಹಾಕಾಕ ಬಿಡಂಗಿಲ್ಲ ಅಂದೆ. ಮನಿಗೆ ಹೋಗಿ ಹೇಳಿದ್ರ ಇವರು, ನಮ್ಮ ಯಜಮಾನ್ರು, ಬಿಲ್ಲು ಇನ್ನೂ ಮುರದಿಲ್ಲ ತಗೋ ಅಂದ್ರು.”

ಇನ್ನೂ ಅವರನ್ನು ತೆಗೆದಿಲ್ಲ. ತೆಗೆದರೆ ಆ ಕೆಲಸಕ್ಕೆ ಯಾರು ಬರುತ್ತಾರೆ ಎಂಬ ಲೆಕ್ಕ ಅಧ್ಯಕ್ಷರಿಗೂ ಇದ್ದೀತು. ಕತ್ತಿಯಂತೂ ತಲೆಯ ಮೇಲೆ ತೂಗುತ್ತಲೇ ಇದೆ. ಮಕ್ಕಳಿಗೆ ಗೇಟು ಮುಚ್ಚಿದೆ, ಗೋಡೆ ಮುಚ್ಚಿಲ್ಲ. ಮೊದಲು ಚೆಂಡು ತಾನಾಗಿ ಬೀಳುತ್ತಿತ್ತು, ಈಗ ಬೇಕೆಂದೇ ಬೀಳಿಸುತ್ತಾರೆ.

ಪಡಸಾಲೆ ಒರೆಸಿ ಮುಗಿದಿದೆ. ನೀಲಗಂಗವ್ವ ಬಚ್ಚಲಿನಿಂದ ಒಬ್ಬರೇ ಬರುತ್ತಿದ್ದಾರೆ. ಕೈ ಮೀನನ್ನು ದಾಟಿ, ಬಸ್ಸನ್ನು ದಾಟಿ, ಗಜಕೋಲಿನ ಮೇಲೆ ಒಂದು ಕ್ಷಣ ನಿಂತು, ಮುಂದೆ ಹೋಗಿ ಲಾಳಿಯನ್ನು ಹಿಡಿಯುತ್ತದೆ. ಬಾಗಿಲು ತೆರೆದುಕೊಳ್ಳುತ್ತದೆ. ಫಕೀರಬಿ ಬಕೆಟ್ಟಿನ ಮೇಲೆ ಕೈಯೂರಿ ಅದನ್ನು ನೋಡಿ, ಏನೂ ಆಗಲಿಲ್ಲವೆಂಬಂತೆ ಕೊಳೆ ನೀರು ಚೆಲ್ಲಲು ಹೊರಡುತ್ತಾರೆ.

ಮೊನ್ನೆ ನೂರೀನ ಅವರನ್ನೇ ಕೇಳಿದಳಂತೆ, ಅಮ್ಮಾ, ನೀ ಮುದುಕಿ ಆದ ಮ್ಯಾಲೆ ನಿನ್ನ ಬಾಗಲಕ್ಕ ಏನ್ ಕಟ್ಟೂಣು ಎಂದು. ಸೂಜಿಯೋ, ಗಾದಿಯೋ, ಪೊರಕೆಯೋ ಎಂದು ಉಳಿದವರು ನಕ್ಕರು. ಫಕೀರಬಿ ಬುತ್ತಿಯ ಚೀಲಕ್ಕೆ ಕೈ ಹಾಕಿ ಅರಿವೆಯ ಗಂಟು ಹೊರಗೆ ತೆಗೆದು ತೋರಿಸಿದರು.

“ಈ ಚಿಲಕಾನ ಕಟ್ಟವಾ. ದಾರಕ್ಕ ಕಟ್ಟು, ಸುಮ್ಮನ ಜೋತಾಡ್ಲಿ. ಯಾರ ಬಾಗಲಕ್ಕೂ ಬೀಳಬಾರದು ಅದು.”